ಉಪವಾಸವೂ ಆಳಿನ ಕೂಲಿಯೂ

ವಿಭೂತಿ ಬುಧವಾರ ಕಳೆದ ಎರಡೇ ದಿನಕ್ಕೆ, ಶುಕ್ರವಾರದ ಪೂಜೆಯಲ್ಲಿ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ. ತಪಸ್ಸುಕಾಲದ ವಾಚನಗಳಲ್ಲಿ ಇಷ್ಟು ಮುಜುಗರದ್ದು ಇನ್ನೊಂದಿಲ್ಲ. ನಾವು ಉಪವಾಸವಿದ್ದರೂ ದೇವರು ಕಣ್ಣೆತ್ತಿ ನೋಡಲಿಲ್ಲವೆಂದು ಜನ ದೂರುತ್ತಾರೆ. ಉಪವಾಸದ ದಿನವೂ ಆಳುಗಳನ್ನು ಹಿಂಡುತ್ತೀರಲ್ಲ ಎಂಬ ಏಟು ಉತ್ತರವಾಗಿ ಬೀಳುತ್ತದೆ. ನೊಗ ಮುರಿಯುವುದು, ಹಸಿದವನೊಡನೆ ರೊಟ್ಟಿ ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಯೊಳಗೆ ಕರೆಯುವುದು, ದೇವರಿಗೆ ಮೆಚ್ಚುಗೆಯಾದ ಉಪವಾಸ ಇದಂತೆ. ಚಾಕೊಲೇಟ್ ಬಿಟ್ಟೆ, ರೀಲ್ಸ್ ಬಿಟ್ಟೆ ಎಂಬ ಸಂಕಲ್ಪಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವಾಗಲೆಲ್ಲ ಈ ಮಾತು ನೆನಪಾಗುತ್ತದೆ.

ಬೋಧಕರು ಇದನ್ನು ಸಾಮಾನ್ಯವಾಗಿ ಅಂತರಂಗಶುದ್ಧಿಯ ಉಪದೇಶವಾಗಿ ಕರಗಿಸಿಬಿಡುತ್ತಾರೆ. ಕೂಲಿಯಾಳಿನ ಹೆಸರೆತ್ತಿದ ಮಾತನ್ನು ಬರೀ ಮನಸ್ಸಿನ ವಿಷಯ ಮಾಡುವುದು ಜಾಣತನ, ವ್ಯಾಖ್ಯಾನವಲ್ಲ. ಇನ್ನು, ಇದು ಹಳೆಯ ಯೆಹೂದ್ಯರಿಗೆ ಹೇಳಿದ್ದು, ನಮಗಲ್ಲ ಎನ್ನುವವರು ಇದನ್ನು ನಮ್ಮ ಪೂಜೆಯಲ್ಲಿ ಓದುವುದೇಕೆಂದು ಮೊದಲು ಹೇಳಲಿ. ಪ್ರವಾದಿಯ ಮಾತಿನ ಕ್ರಮವನ್ನೇ ನೋಡಿ. ಬೆಳಕು ಮೂಡುವುದು, ಗಾಯ ಮಾಯುವುದು, ಮೊರೆಗೆ ಓಗೊಡುವುದು, ಅಂದರೆ ನಾವು ಆತ್ಮದ ಹೊಸಹುಟ್ಟು ಎನ್ನುವುದೆಲ್ಲ, ರೊಟ್ಟಿ ಹಂಚಿದ ಮೇಲೆ ಬರುತ್ತದೆ. ಮನಸ್ಸು ಮಾಗಲಿ, ದಾನ ಆಮೇಲೆ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಐದನೇ ಶತಮಾನದ ಪೋಪ್ ಮಹಾ ಲಿಯೋ ತನ್ನ ತಪಸ್ಸುಕಾಲದ ಪ್ರಬೋಧನೆಗಳಲ್ಲಿ ಉಪವಾಸಿಯ ತಟ್ಟೆಯಲ್ಲಿ ಉಳಿದದ್ದು ಬಡವನಿಗೆ ಸೇರಬೇಕೆಂದು ಪಟ್ಟುಹಿಡಿದ. 1958ರಲ್ಲಿ ಜರ್ಮನಿಯ ಬಿಷಪರು ಕಾರ್ಡಿನಲ್ ಫ್ರಿಂಗ್ಸ್ ಅವರ ಮುಂದಾಳತ್ವದಲ್ಲಿ ಮಿಸೆರಿಯೋರ್ ಎಂಬ ನೆರವಿನ ಸಂಸ್ಥೆ ಕಟ್ಟಿದ್ದೂ ಇದೇ ತರ್ಕದ ಮೇಲೆ. ಅಲ್ಲಿನ ತಪಸ್ಸುಕಾಲದ ಕಾಣಿಕೆ ಭಾರತದ ಬಡವರಿಗೂ ತಲುಪಿತು.

ಹಾಗಾದರೆ ದಾನವೇ ಸಾಕಲ್ಲ, ಹೊಟ್ಟೆ ಕಟ್ಟುವುದೇಕೆ ಎಂದು ಕೇಳಬಹುದು. ಹೊಟ್ಟೆ ತುಂಬಿದವನು ಕೊಡುವುದು ಮಿಕ್ಕಿದ್ದನ್ನು, ಉಪವಾಸವಿದ್ದವನು ಕೊಡುವುದು ತನ್ನ ಪಾಲನ್ನು. ಕಥೋಲಿಕರಿಗೆ ಈಗ ಕಡ್ಡಾಯವಿರುವ ನಿಯಮವಂತೂ ಹಗುರ. ವಿಭೂತಿ ಬುಧವಾರ, ಶುಭ ಶುಕ್ರವಾರ ಎರಡು ದಿನ ಒಂದೇ ಪೂರ್ತಿ ಊಟ, ಆ ಎರಡು ದಿನವೂ ತಪಸ್ಸುಕಾಲದ ಉಳಿದ ಶುಕ್ರವಾರಗಳಲ್ಲೂ ಮಾಂಸವಿಲ್ಲ. ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಕರಾವಳಿಯ ಮನೆಯಲ್ಲಿ ಕೋಳಿ ಬಿಟ್ಟು, ಅದಕ್ಕಿಂತ ದುಬಾರಿ ಅಂಜಲ್ ತಂದು ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿದರೂ ವ್ರತ ಕೆಡದು! ವ್ರತ ಉಳಿಯಿತು ಸರಿ, ಬಡವನ ಪಾಲು ಎಲ್ಲಿ ಉಳಿಯಿತು?

ಇದೆಲ್ಲ ಸಮಾಜಸೇವೆ, ಅಧ್ಯಾತ್ಮವಲ್ಲ ಎಂಬುದು ಇನ್ನೊಂದು ಆಕ್ಷೇಪ. ಯೆಶಾಯನಿಗೆ ಆ ಗೋಡೆ ಗೊತ್ತೇ ಇಲ್ಲ. ಅವನು ದಾನಕ್ಕೂ ಮೊದಲು ನೊಗದ ಮಾತೆತ್ತುತ್ತಾನೆ. ಕೂಲಿ ಕಡಿತ ಮಾಡಿ ಕಾಣಿಕೆ ಡಬ್ಬಿ ತುಂಬಿಸುವವನಿಗೆ ಅವನಲ್ಲಿ ಜಾಗವಿಲ್ಲ. ಮನೆಗೆಲಸದವರಿಗೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿದೆ. ನಿಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ಅಷ್ಟಾದರೂ ಸಿಗುತ್ತಿದೆಯೇ, ಗರಿಗಳ ಭಾನುವಾರದೊಳಗೆ ವಿಚಾರಿಸಿ. ಪಾಲನಾ ಸಮಿತಿಯವರು ಚರ್ಚಿನಲ್ಲಿ ಕಸ ಗುಡಿಸುವವರ, ಗಂಟೆ ಹೊಡೆಯುವವರ ಸಂಬಳದ ಪುಸ್ತಕವನ್ನೂ ಒಮ್ಮೆ ತೆರೆಯಲಿ.