ಕಲಿತದ್ದು ಕಲಿತವರ ಹಿಂದೆ ಬರಲಿ

ಕರ್ಮಫಲದ ಚರ್ಚೆಯಲ್ಲಿ ನಮ್ಮ ದಾರ್ಶನಿಕರು ಎರಡು ದೋಷಗಳನ್ನು ಹೆಸರಿಟ್ಟು ಗುರುತಿಸಿದ್ದಾರೆ. ಮಾಡಿದ್ದು ಫಲ ಕೊಡದೆ ಅಳಿದರೆ ಕೃತನಾಶ, ಮಾಡದ್ದರ ಫಲ ಬಂದು ಸೇರಿದರೆ ಅಕೃತಾಭ್ಯಾಗಮ. ಊರಿರಲಿ, ದೇಹವೇ ಬದಲಾದರೂ ಗಳಿಸಿದ್ದು ಗಳಿಸಿದವರನ್ನು ಬಿಡದು ಎಂಬುದು ಅವರ ನಿಲುವು. ಪುನರ್ಜನ್ಮವನ್ನು ನಂಬದವರೂ ಇದರೊಳಗಿನ ನ್ಯಾಯವನ್ನು ಒಪ್ಪಬಹುದು. ಹಾಗಿದ್ದ ಮೇಲೆ ಗೂಳೂರಿನ ಹುಡುಗಿಯೊಬ್ಬಳು ತುಮಕೂರಿನ ಕಾಲೇಜಿನಲ್ಲಿ ಎರಡು ಸೆಮಿಸ್ಟರ್ ಮುಗಿಸಿ, ಮದುವೆಯಾಗಿ ಬೇರೊಂದು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಹೋದರೆ, ಪಾಸಾದ ವಿಷಯವನ್ನೇ ಮತ್ತೆ ಓದು ಎನ್ನುವುದು ಕೃತನಾಶವಲ್ಲದೆ ಇನ್ನೇನು? ಒಂದು ಕ್ರೆಡಿಟ್ಟಿನ ಹಿಂದೆ 15 ಗಂಟೆಗಳ ಪಾಠವಿದೆ, ಅವಳ ಆಯುಷ್ಯದ ಗಂಟೆಗಳು ಅವು.

ಕಾಲೇಜಿನಿಂದ ಕಾಲೇಜಿಗೆ ಪಾಠದ ಮಟ್ಟ ಬೇರೆ, ಕುಣಿಗಲ್ಲಿನ ಅಂಕವನ್ನು ಬೆಂಗಳೂರು ಏಕೆ ನಂಬಬೇಕು ಎಂದು ಕೇಳುವವರಿಗೆ ಕಾಡುತ್ತಿರುವುದು ಎರಡನೆಯ ದೋಷದ ಭಯ. ಭಯ ನಿಜವಾದದ್ದೇ. ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಟ್ಟು ಬೇರೆ ಸಂಸ್ಥೆಗೆ ಒಯ್ಯಲು ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳನ್ನು ತಂದಾಗ ಅದಕ್ಕೆ ಉತ್ತರವನ್ನೂ ಕೊಟ್ಟಿತು: ಅರ್ಧದಷ್ಟು ಕ್ರೆಡಿಟ್ಟನ್ನಾದರೂ ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಬೇಕು, ಒಂದು ಪದವಿಗೆ ಬಳಸಿದ್ದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ, ಗಳಿಸಿದ್ದು ಹೆಚ್ಚೆಂದರೆ 7 ವರ್ಷ ಉಳಿಯುತ್ತದೆ. ಮೊದಲೆರಡು ನ್ಯಾಯವಾಗಿವೆ. ಮೂರನೆಯದನ್ನು ನಾನು ಒಪ್ಪಲಾರೆ. ಮಗುವನ್ನು ಸಾಕಿ ಎಂಟನೆಯ ವರ್ಷ ಮರಳಿ ಬಂದ ತಾಯಿ ಮರೆತಿದ್ದಾಳೋ ಇಲ್ಲವೋ ಎಂಬುದನ್ನು ಒಂದು ಪರೀಕ್ಷೆ ಹೇಳಬೇಕು, ಕ್ಯಾಲೆಂಡರ್ ಅಲ್ಲ. ಪಠ್ಯಕ್ರಮ ಹೊಂದುವುದಿಲ್ಲ ಎಂಬ ಮಾತೂ ಇದೆ. ಆದರೆ ಪಠ್ಯಕ್ರಮ ಬದಲಿಸುವವರು ವಿದ್ಯಾರ್ಥಿಗಳಲ್ಲ. ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಜಾರಿಗೆ ತಂದದ್ದೂ, 2024ರಲ್ಲಿ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ಇಳಿಸಿದ್ದೂ ಸರ್ಕಾರಗಳೇ.

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯದು. ವಿದ್ಯೆ ಅಖಂಡ, ಒಬ್ಬ ಗುರುವಿನ ಬಳಿ, ಒಂದು ಪರಂಪರೆಯಲ್ಲಿ ಬೆಳೆಯುವಂಥದ್ದು, ತುಂಡು ತುಂಡಾಗಿ ಕೂಡಿಸಿದ್ದು ವಿದ್ಯೆಯಾಗದು ಎನ್ನುತ್ತಾರೆ. ಗೂಳೂರಿನಲ್ಲೇ ಇದಕ್ಕೆ ಉತ್ತರವಿದೆ. ಬಲಿಪಾಡ್ಯಮಿಯಿಂದ ಕಾರ್ತಿಕವಿಡೀ ಪೂಜೆಗೊಳ್ಳುವ ಅಲ್ಲಿನ ಮಣ್ಣಿನ ಮಹಾಗಣಪತಿಯ ಸೇವೆ 18 ಕೋಮಿನವರದು. ಕೈಗಳು ಹಲವಾದವೆಂದು ಯಾರೂ ಆ ಮೂರ್ತಿಯನ್ನು ಖಂಡಿತವೆನ್ನುವುದಿಲ್ಲ. ಕಲಿಕೆಯ ಅಖಂಡತೆ ಇರುವುದು ಕಲಿಯುವವರ ಮನಸ್ಸಿನಲ್ಲಿ, ಕಾಲೇಜಿನ ಕಾಂಪೌಂಡಿನೊಳಗಲ್ಲ. ಅಧ್ಯಯನ ಮಂಡಳಿಗಳಲ್ಲಿ ಕುಳಿತ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಹೊರಗಿನಿಂದ ಬಂದ ವಿದ್ಯಾರ್ಥಿಯ ಕ್ರೆಡಿಟ್ಟನ್ನು ತಿರಸ್ಕರಿಸುವ ಮೊದಲು, ಅವಳು ಕಲಿಯದೆ ಬಿಟ್ಟದ್ದು ಯಾವುದು ಎಂದು ಬರೆದು ಕೊಡಿ. ಅಷ್ಟನ್ನು ಮಾತ್ರ ಓದಿಸಿ.