‘ಮುಗಿದ ಮೇಲೆ’ ಎನ್ನುವ ವರ್ಷಗಳು

ಹೋಳಿಯ ದಿನಗಳಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ನಿಂತವರನ್ನು ಕೇಳಿದರೆ ಬೇಡಿಕೆ ಹೆಚ್ಚೂಕಡಿಮೆ ಮೂರೇ: ಮದುವೆ, ಮಗು, ನೌಕರಿ. ಒಂದನ್ನು ಬೇಡಿಕೊಂಡು ಹೋಗುತ್ತಾರೆ, ಈಡೇರಿದ ಮೇಲೆ ಬಂದು ಹರಕೆ ತೀರಿಸುತ್ತಾರೆ. ಡಾಕ್ಟರಿಕೆ ಓದುತ್ತಿರುವವರ ಕೈ ಹಿಡಿದವರಿಗೆ ಈ ಮೂರೂ ಹಾಗೆ ಬಿಡಿಬಿಡಿಯಾಗಿ ಬರುವುದಿಲ್ಲ. ಒಂದಕ್ಕೆ ಕೈಚಾಚಿದರೆ ಇನ್ನೊಂದು ಹಿಂದೆ ಸರಿಯುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ದೇವರಿಗೆ ಬಿಡಲಾಗದು. ಗಂಡ ಹೆಂಡತಿ ಕೂತು ಮಾತಾಡಲೇಬೇಕು. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಮಾಸ್ತರ. ನನ್ನ ಹೆಂಡತಿ ಹುಬ್ಬಳ್ಳಿಯಲ್ಲಿ ಅರಿವಳಿಕೆ ವಿಭಾಗದಲ್ಲಿ ಎಂಡಿ ಮಾಡುತ್ತಿದ್ದಾಳೆ.

“ಇನ್ನ ಎಷ್ಟ ವರ್ಷ ಓದತಾಳವ್ವಾ ನಿನ್ನ ಸೊಸಿ?” ಎಂದು ಓಣಿಯವರು ಅವ್ವನನ್ನು ಕೇಳುತ್ತಾರೆ. ಕುಹಕದಿಂದಲ್ಲ, ನಿಜವಾಗಿಯೂ ತಿಳಿಯದೆ. ಲೆಕ್ಕ ಹೇಳಹೊರಟರೆ ಅದು ಉದ್ದವಾಗುತ್ತದೆ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ನೀಟ್ ಪಿಜಿಗೆಂದು ಪುಸ್ತಕ ಹಿಡಿದು ಕೂರುವ ಕಾಲ ಬೇರೆ. ಎಂಡಿಗೆ 3 ವರ್ಷ. ರಾಜ್ಯದಲ್ಲಿ 2012ರ ಕಡ್ಡಾಯ ಸೇವೆಯ ಕಾಯ್ದೆಯಿದೆ, ಅದಕ್ಕೊಂದು ವರ್ಷ ಹೋಗಬಹುದು. ಆಮೇಲೆ ಸೀನಿಯರ್ ರೆಸಿಡೆಂಟ್. ಎಂಡಿಯ ಮೇಲಿನ ಓದಾದ ಡಿಎಂ ಆಸೆಯಿದ್ದರೆ ಮತ್ತೆ 3 ವರ್ಷ. ಹದಿನೆಂಟರಲ್ಲಿ ಸೇರಿದ ಹುಡುಗಿಗೆ ಎಲ್ಲ ಸುಸೂತ್ರವಾಗಿ ನಡೆದರೂ ಮೂವತ್ತು ದಾಟುತ್ತದೆ. ಇಷ್ಟು ಕಾಲದ ತುದಿಯಲ್ಲಿ ಸಂಸಾರವನ್ನು ಕಟ್ಟಿಟ್ಟು, ಎಲ್ಲವನ್ನೂ ‘ಕೋರ್ಸ್ ಮುಗಿದ ಮೇಲೆ’ ಎಂದು ಮುಂದೂಡುತ್ತ ಹೋದರೆ ಒಂದು ತೊಡಕಿದೆ. ಮುಗಿಯುವ ದಿನವೇ ಮುಂದೆ ಮುಂದೆ ಸರಿಯುತ್ತಿರುತ್ತದೆ. ಎಂಬಿಬಿಎಸ್ ಮುಗಿಯಲಿ ಎಂದಿದ್ದವರು ಪಿಜಿ ಸೀಟು ಸಿಗಲಿ ಎನ್ನುತ್ತಾರೆ, ಸೀಟು ಸಿಕ್ಕವರು ಥೀಸಿಸ್ ಒಪ್ಪಿಸಲಿ ಎನ್ನುತ್ತಾರೆ.

ಈ ತರಬೇತಿಯ ಅಚ್ಚು ತಯಾರಾದಾಗ ಸಂಸಾರಸ್ಥರು ಯಾರ ಕಣ್ಣೆದುರಿಗೂ ಇರಲಿಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕಲಿಯುವ ವೈದ್ಯರು ಆಸ್ಪತ್ರೆಯಲ್ಲೇ ವಾಸ ಮಾಡಬೇಕಿತ್ತು. ಮದುವೆಯಾಗದ ಗಂಡಸರನ್ನು ನೆನೆದು ಕಟ್ಟಿದ ಪದ್ಧತಿ ಅದು. ಜಗತ್ತು ಅದನ್ನೇ ತನ್ನದಾಗಿಸಿಕೊಂಡಿತು. ಈಗ ವಾರ್ಡಿನಲ್ಲಿ ರಾತ್ರಿ ನಿಂತಿರುವವರಲ್ಲಿ ಹೆಂಡತಿಯರಿದ್ದಾರೆ, ತಾಯಂದಿರಿದ್ದಾರೆ, ಹಾಲು ಕುಡಿಯುವ ಕೂಸನ್ನು ತವರಿನಲ್ಲಿ ಬಿಟ್ಟು ಬಂದವರಿದ್ದಾರೆ. ರೆಸಿಡೆಂಟರ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿತು. ದುಡಿಮೆ ಕಡಿಮೆ ಮಾಡಲೆಂದು ಹಾಕಿದ ಮಿತಿಯೇ ಇದು. ವಾರದಲ್ಲಿರುವುದು 168 ಗಂಟೆ. ನಿದ್ದೆ, ಓದು ಕಳೆದ ಮೇಲೆ ಒಂದು ಮನೆಗೆ ಏನು ಉಳಿಯುತ್ತದೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ನವಲಗುಂದದಿಂದ ಹುಬ್ಬಳ್ಳಿಗೆ ಹತ್ತಿರ ಹತ್ತಿರ 40 ಕಿಲೋಮೀಟರ್. ಇಲ್ಲಿಯವರು ಅರಿವೆ ಕೊಳ್ಳಲು, ಕಾಳು ಮಾರಲು ಹೋಗಿ ಸಂಜೆಗೆ ತಿರುಗಿ ಬರುವ ಊರು. ಆದರೂ ಅವಳು ಹಾಸ್ಟೆಲಿನಲ್ಲಿರುತ್ತಾಳೆ. ನಡುರಾತ್ರಿ ತುರ್ತು ಆಪರೇಷನ್ ಬಂದರೆ ಅರಿವಳಿಕೆ ಕೊಡುವವರು ಮೊದಲು ಅಲ್ಲಿರಬೇಕು. ಬಸ್ಸಿನ ವೇಳೆ ನೋಡಿಕೊಂಡು ಯಾರ ಹೊಟ್ಟೆಯೂ ನೋಯುವುದಿಲ್ಲ. ಅಷ್ಟು ಹತ್ತಿರವಿದ್ದೂ ಮನೆಗೆ ಬರಲಾಗದೆ ಇರುವುದು ಮೊದಮೊದಲು ಅವ್ವನಿಗೆ ಅರ್ಥವಾಗುತ್ತಿರಲಿಲ್ಲ. ಮೂರರಿಂದ ಐದನೇ ಸೆಮಿಸ್ಟರಿನೊಳಗೆ 3 ತಿಂಗಳು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವುದೂ ಈಗ ಪಿಜಿಯ ಭಾಗ. ಯಾವ ಜಿಲ್ಲೆ ಎಂಬುದು ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿದ್ದದ್ದು ಪಿಜಿ ಸೀಟಿನ ಕೌನ್ಸೆಲಿಂಗ್‌ನಲ್ಲಿ ಕೊಡುವ ಪಟ್ಟಿ. ಕಾಲೇಜಿನ ಹೆಸರುಗಳ ಎದುರು 1, 2, 3 ಎಂದು ಅಂಕಿ ಹಾಕುತ್ತ ಹೋಗುವುದು ಮೇಲ್ನೋಟಕ್ಕೆ ಸಣ್ಣ ಕೆಲಸ. ಆದರೆ ಆ ಅಂಕಿಯೊಂದಿಗೆ ಬಾಡಿಗೆ ಮನೆ ಯಾವ ಊರಿನಲ್ಲಿ, ಅಪ್ಪನ ಹೊಲ ಯಾರಿಗೆ ಲಾವಣಿ, ಅವ್ವನ ಮೊಣಕಾಲು ನೋವಿಗೆ ಯಾರು ಆಸರೆ ಎಂಬುದೆಲ್ಲ ತೀರ್ಮಾನವಾಗಿಬಿಡುತ್ತದೆ. ಅಮೆರಿಕದಲ್ಲಿ ಇಬ್ಬರೂ ವೈದ್ಯರಾಗಿದ್ದರೆ ಜೋಡಿಯಾಗಿ ಪಟ್ಟಿ ಕೊಡುವ ಅನುಕೂಲ 1984ರಿಂದಲೂ ಇದೆ. ನಮ್ಮಲ್ಲಿ ಪ್ರತಿಯೊಬ್ಬರೂ ಒಂಟಿ ರ‍್ಯಾಂಕು. ಹಾಗಿದ್ದರೂ ಆ ಪಟ್ಟಿಯನ್ನು ನಾವು ಇಬ್ಬರ ಪಟ್ಟಿಯಾಗಿ ಬರೆದೆವು. ದೂರದ ದೊಡ್ಡ ಕಾಲೇಜೊಂದನ್ನು ಅವಳೇ ಕೆಳಗಿಳಿಸಿದಳು. ನಾನು ತಡೆದೆ. “ರೀ, ನನ್ನ ಸಲುವಾಗಿ ನೀವು, ನಿಮ್ಮ ಸಲುವಾಗಿ ನಾನು ಅಂತ ತ್ಯಾಗದ ಲೆಕ್ಕ ಇಡೂದು ಬ್ಯಾಡ. ನಾಳೆ ಅದನ್ನ ಒಬ್ಬರಿಗೊಬ್ಬರು ಎತ್ತಿ ಆಡತೀವಿ” ಎಂದಳು. ದಾಂಪತ್ಯದ ಬಗ್ಗೆ ಅದಕ್ಕಿಂತ ತಿಳಿವಳಿಕೆಯ ಮಾತನ್ನು ನಾನು ಕೇಳಿಲ್ಲ.

ಇಂಥ ಹೊತ್ತಿನಲ್ಲಿ ಡಾ. ಅನುಪಮಾ ನಿರಂಜನರನ್ನು ನೆನೆಯುತ್ತೇನೆ. 1934ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ವೈದ್ಯೆ, ಗಂಡ ನಿರಂಜನ ಪೂರ್ಣಾವಧಿ ಬರಹಗಾರ. ಕೆಲವು ವರ್ಷ ನಮ್ಮ ಧಾರವಾಡದಲ್ಲೇ ಅವರ ಸಂಸಾರವಿತ್ತು. ರೋಗಿಗಳನ್ನು ನೋಡುತ್ತ, ಹೆಣ್ಣುಮಕ್ಕಳನ್ನು ಬೆಳೆಸುತ್ತ, ಕಾದಂಬರಿ ಬರೆಯುತ್ತ, ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳನ್ನು ಮನೆಮನೆಗೆ ಕೊಟ್ಟವರು. ಮುಂದೆ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಆದರೂ ಬರವಣಿಗೆ ನಿಲ್ಲಲಿಲ್ಲ. ಯಾರ ಕೆಲಸ ದೊಡ್ಡದು ಎಂಬ ಪ್ರಶ್ನೆಗಿಂತ, ಎರಡೂ ಕೆಲಸ ಉಳಿಯುವಂತೆ ಮನೆ ನಡೆಯಬೇಕು ಎಂಬುದು ಆ ಬದುಕಿನಲ್ಲಿ ನನಗೆ ಕಾಣುತ್ತದೆ. ಗಂಡನಿಗೆ ಡಾಕ್ಟರ್ ಓದು, ಹೆಂಡತಿ ಊರಲ್ಲಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ತಿರುವುಮುರುವಾದಾಗ ಮಾತ್ರ ಗಂಡಸಿನ ಊಟದ ಚಿಂತೆ ಊರಿಗೆಲ್ಲ ಹತ್ತುತ್ತದೆ. ರೊಟ್ಟಿ ಬಡಿಯಲು ಬಾರದಿದ್ದರೂ ಅನ್ನ, ಸಾರು, ಪಲ್ಯ ಯಾರಾದರೂ ಮಾಡಿಕೊಳ್ಳಬಹುದು.

ನಮ್ಮದು ಎರೆ ನೆಲ. ಹಿಂಗಾರಿಯ ಕಡಲೆ, ಬಿಳಿಜೋಳ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ರೈತ ಎದೆಗುಂದುವುದಿಲ್ಲ. ಮುಂಚೆ ಬಿದ್ದ ಮಳೆಯ ಹಸಿಯನ್ನು ಕರಿಮಣ್ಣು ಒಳಗೆ ಹಿಡಿದಿಟ್ಟುಕೊಂಡಿರುತ್ತದೆ, ಪೈರು ಅದರ ಮೇಲೆಯೇ ಬೆಳೆಯುತ್ತದೆ. ಆದರೆ ಆ ಹಸಿ ಆರದಂತೆ ಎಡೆ ಹೊಡೆಯುತ್ತಿರಬೇಕು, ನೆಲ ಬಿರುಕು ಬಿಡಲು ಬಿಡಬಾರದು. ನಮ್ಮ ಈಗಿನ ವರ್ಷಗಳೂ ಹೀಗೇ ಸಾಗಿವೆ. ಡ್ಯೂಟಿ ಪಟ್ಟಿ ಬಂದ ಕೂಡಲೇ ಅವಳು ಅದರ ಫೋಟೊ ಕಳಿಸುತ್ತಾಳೆ. ನೈಟ್ ಮುಗಿದ ಮರುದಿನ ಎಲ್ಲಿ ಬಿಡುವಿದೆ ನೋಡಿ ನಾನು ಬಸ್ಸು ಹತ್ತುತ್ತೇನೆ. ಕೆಲವು ಸಲ ಅವಳು ಮಲಗಿಯೇ ಇರುತ್ತಾಳೆ. ನಾನು ಅಲ್ಲೇ ಕೂತು ಪರೀಕ್ಷೆಯ ಪೇಪರು ತಿದ್ದುತ್ತೇನೆ. ಫೋನಿನಲ್ಲಿ ಆಗದ ಮಾತುಗಳು ಎಚ್ಚರವಾದ ಮೇಲಿನ ಚಹಾದ ಹೊತ್ತಿಗೆ ಆಗುತ್ತವೆ. ಹಣದ ಮಾತನ್ನೂ ಆಗಲೇ ಮುಗಿಸುತ್ತೇವೆ, ಯಾಕೆಂದರೆ ಸುಸ್ತಿನಲ್ಲಿ ಆಡಿದ ಹಣದ ಮಾತು ಬೇಗ ಜಗಳವಾಗುತ್ತದೆ.

ಮಗುವಿನ ವಿಚಾರ ಬಹಳ ದಿನ ಬಗೆಹರಿಯಲಿಲ್ಲ. ಪಿಜಿಯಲ್ಲಿ ಹೆರಿಗೆ ರಜೆಯಿದೆ. ಆದರೆ ಒಪ್ಪಿತ ರಜೆಗಿಂತ ಹೆಚ್ಚಾದ ದಿನಗಳಷ್ಟು ಕೋರ್ಸ್ ಮುಂದಕ್ಕೆ ಹೋಗುತ್ತದೆ, ಜೊತೆಯವರು ಪರೀಕ್ಷೆ ಬರೆದು ಹೋದ ಮೇಲೆ ಅವಳೊಬ್ಬಳೇ ಉಳಿಯಬೇಕಾಗಬಹುದು. ಹಾಗೆಂದು ಎಲ್ಲ ಮುಗಿಯಲಿ ಎಂದು ಕಾದರೆ ಮೈಯ ಗಡಿಯಾರ ಯಾವ ವಿಶ್ವವಿದ್ಯಾಲಯದ ವೇಳಾಪಟ್ಟಿಯನ್ನೂ ಕೇಳುವುದಿಲ್ಲ. ಆರು ತಿಂಗಳು ತಡವಾಗಿ ಎಂಡಿ ಮುಗಿದರೆ ಅವಳಿಗೆ ನಷ್ಟವೇ ಎಂದು ಕೇಳಿದೆ. ಸ್ವಲ್ಪ ನಷ್ಟವೇ ಎಂದಳು, ಮುಚ್ಚಿಡದೆ. ಆ ನಷ್ಟ ಅವಳೊಬ್ಬಳ ಮೇಲೆ ಬೀಳಬಾರದೆಂದು ಆಗ ನನ್ನ ಪಾಲು ನಿಶ್ಚಯವಾಯಿತು: ಕೂಸು ಬಂದ ವರ್ಷ ನಾನು ಸಂಬಳವಿಲ್ಲದ ರಜೆ ಹಾಕಿ ಹುಬ್ಬಳ್ಳಿಯಲ್ಲಿ ಆಸ್ಪತ್ರೆಯ ಸಮೀಪ ಕೋಣೆ ಹಿಡಿಯುವುದು, ಅವ್ವ ಜೊತೆಗೆ ಬರುವುದು. ಸಿದ್ಧತೆ ಈ ವರ್ಷದಿಂದಲೇ. ಓಣಿಯವರಿಗೆ ಅವ್ವನೇ ಹೇಳಿದ್ದಾಳೆ.

ಇನ್ನು ಉಳಿದದ್ದು ಡಿಎಂ. ಅವಳಿಗೆ ಆಸೆಯಿದೆ. ಅರಿವಳಿಕೆ ತಜ್ಞರಿಲ್ಲದ ಕಡೆ ಸಿಸೇರಿಯನ್ ಬೇಕಾದ ಬಸುರಿಯನ್ನು ಮುಂದಿನ ಊರಿಗೆ ಕಳಿಸಬೇಕಾಗುತ್ತದೆ ಎಂಬುದು ಗೊತ್ತಿರುವುದರಿಂದ, ತಾಲ್ಲೂಕಿಗೆ ಮರಳುವ ಮನಸ್ಸೂ ಇದೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನನ್ನ ನೌಕರಿ, ಅಪ್ಪನ ಹೊಲ ಅದರ ಜೊತೆ ಹೊಂದಿಕೊಳ್ಳಬೇಕು. ಅದಕ್ಕೆ ನಾನು ಒಪ್ಪಿದ್ದೇನೆ. ಆದರೆ ಆ ಮಾತನ್ನು ಈಗ ಎತ್ತುವುದಿಲ್ಲ. ಅವಳ ಥೀಸಿಸ್ ಇದೆ, ಮುಂದಿನ ವಾರ ಎರಡು ನೈಟ್ ಇವೆ.