ಹಳೆಯ ಯುದ್ಧವಿಮಾನದ ಸಾಕ್ಷ್ಯ

ಮೂಡುಬಿದಿರೆಗೆ ಸಮೀಪದ ತೋಡಾರಿನಲ್ಲಿ ಎರಡು ಬಗೆಯ ವಿದ್ಯಾಸಂಸ್ಥೆಗಳಿವೆ. ಒಂದು ಶಂಸುಲ್ ಉಲಮಾ ಅರಬಿಕ್ ಕಾಲೇಜು, ಇನ್ನೊಂದು ಯೆನೆಪೋಯ ತಾಂತ್ರಿಕ ಮಹಾವಿದ್ಯಾಲಯ. ಹದೀಸ್ ಶಾಸ್ತ್ರ ಕಲಿಯುವ ವಿದ್ಯಾರ್ಥಿ ಒಂದು ಮಾತು ಎಷ್ಟು ಸುಂದರವಾಗಿದೆ ಎಂದು ನೋಡುವ ಮೊದಲು ಅದು ಯಾರಿಂದ ಯಾರಿಗೆ ಬಂತು ಎಂದು ಕೇಳಬೇಕಾಗುತ್ತದೆ. ಈ ಪರಂಪರೆಯ ಸರಪಳಿಗೆ ಸನದು ಎಂದು ಹೆಸರು. ನಡುವೆ ಒಂದು ಕೊಂಡಿ ಕಳಚಿದ್ದರೆ ಮಾತು ದುರ್ಬಲವೆನಿಸುತ್ತದೆ. ವಿಮಾನದ ಯಂತ್ರಶಾಸ್ತ್ರದಲ್ಲಿಯೂ ಇಂತಹದೇ ಒಂದು ಶಿಸ್ತು ಇದೆ. ಬಿಡಿಭಾಗವೊಂದು ಎಲ್ಲಿ ತಯಾರಾಯಿತು, ಯಾವ ವಿಮಾನದಲ್ಲಿತ್ತು, ಎಷ್ಟು ಗಂಟೆ ದುಡಿದಿದೆ ಎಂಬ ದಾಖಲೆ ಇಲ್ಲದಿದ್ದರೆ ಅದನ್ನು ಹಾರುವ ವಿಮಾನಕ್ಕೆ ಜೋಡಿಸುವಂತಿಲ್ಲ.

ಈ ಎರಡು ಶಿಸ್ತುಗಳೂ ಒಟ್ಟಿಗೆ ಬೇಕಾಗುವ ಒಂದು ಕೆಲಸವಿದೆ. ಅದು ಹಳೆಯ ಯುದ್ಧವಿಮಾನಗಳ ಜೀರ್ಣೋದ್ಧಾರ. ಜಗತ್ತಿನ ಅನೇಕ ಕಡೆ ಇದನ್ನೇ ವ್ರತದಂತೆ ಹಿಡಿದವರಿದ್ದಾರೆ. ಗುಜರಿ ಅಂಗಡಿಯಲ್ಲಿ ಸಿಕ್ಕಿದ ಎತ್ತರಮಾಪಕ, ಯಾರದೋ ಮನೆಯ ಅಟ್ಟದಲ್ಲಿದ್ದ ಪೈಲಟ್‌ನ ದಿನಚರಿ, ಎಂಜಿನ್ನಿನ ಮೇಲೆ ಅಚ್ಚೊತ್ತಿದ ಸಂಖ್ಯೆ ಇವುಗಳನ್ನು ಹಿಡಿದು ಅವರು ದಾಖಲೆಗಳನ್ನು ಹುಡುಕುತ್ತಾರೆ. ಯಾವ ಪಡೆಯದು, ಯಾರು ಹಾರಿಸಿದರು, ಎಲ್ಲಿ ಬಿತ್ತು ಎಂದು ಕಂಡುಹಿಡಿಯುತ್ತಾರೆ. ಯುದ್ಧವನ್ನು ದ್ವೇಷಿಸುವವನು ಯುದ್ಧದ ಯಂತ್ರವನ್ನು ಇಷ್ಟು ಪ್ರೀತಿಯಿಂದ ಕಾಪಾಡುವುದು ಸರಿಯೇ? ಕಾಪಾಡುವುದಾದರೆ ಅದರ ಯಾವ ಕಥೆಯನ್ನು ಕಾಪಾಡಬೇಕು?

ಇದು ಪರದೇಶದ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಾಗ ಮೈಸೂರು ಸಂಸ್ಥಾನ ಭೂಮಿಯನ್ನೂ ಬಂಡವಾಳವನ್ನೂ ನೀಡಿತು. ಅದರ ಹಿಂದಿದ್ದವರು ದಿವಾನ್ ಮಿರ್ಜಾ ಇಸ್ಮಾಯಿಲ್. ಎರಡನೆಯ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಎಂಬ ಭಾರೀ ಬಾಂಬರ್‌ಗಳನ್ನು, ಮತ್ತೆ ಯಾರೂ ಬಳಸದಂತೆ ಹಾಳುಗೆಡವಿ ಬಿಟ್ಟುಹೋಗಲಾಗಿತ್ತು. ಆ ರಾಶಿಯಿಂದ ಆಯ್ದು, ಹೇಗೋ ಹಾರುವಷ್ಟು ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ತಂದವರು ಕಾರ್ಖಾನೆಯ ಪೈಲಟ್ ಜಿಮ್ಮಿ ಮುನ್ಷಿ. ಹೀಗೆ ಸುಮಾರು ನಲವತ್ತು ವಿಮಾನಗಳು ಇಲ್ಲಿನ ಕಾರ್ಮಿಕರ ಕೈಯಲ್ಲಿ ಮರುಜೀವ ಪಡೆದವು. 1948ರಿಂದ 1968ರ ವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು.

ಮುಂದೆ ನಡೆದುದು ಇನ್ನೂ ಸ್ವಾರಸ್ಯಕರ. ಇಂದು ಜಗತ್ತಿನಲ್ಲಿ ಉಳಿದಿರುವ ಲಿಬರೇಟರ್‌ಗಳ ಪೈಕಿ ಹಲವು ಭಾರತದಿಂದಲೇ ಹೋದವು. ಲಂಡನ್ನಿನ ಆರ್‌ಎಎಫ್ ವಸ್ತುಸಂಗ್ರಹಾಲಯಕ್ಕೆ ಒಂದು ಸೇರಿತು. ಇನ್ನೊಂದು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಪಾಲಾಯಿತು. ಅಲ್ಲಿ ವರ್ಷಗಳ ಶ್ರಮದಿಂದ ಅದನ್ನು 1989ರಲ್ಲಿ ಮತ್ತೆ ಹಾರಿಸಿದರು. ಮೊದಲು ‘ಆಲ್ ಅಮೆರಿಕನ್’ ಎಂಬ ಹೆಸರು ಬರೆದರು. 2005ರಲ್ಲಿ ‘ವಿಚ್‌ಕ್ರಾಫ್ಟ್’ ಎಂದು ಬದಲಾಯಿಸಿದರು. ಇದು ಯುರೋಪಿನಲ್ಲಿ 130 ದಾಳಿಗಳಲ್ಲಿ ಪಾಲ್ಗೊಂಡ ಬೇರೊಂದು ವಿಮಾನದ ಹೆಸರು. ಬ್ರಿಟಿಷ್ ವಾಯುಪಡೆಯಲ್ಲಿದ್ದು, ಭಾರತದಲ್ಲಿ ಗುಜರಿಯಾಗಿ, ಕನ್ನಡದ ನೆಲದಲ್ಲಿ ಮರುಹುಟ್ಟು ಪಡೆದು, ಇಪ್ಪತ್ತು ವರ್ಷ ಭಾರತದ ಆಕಾಶದಲ್ಲಿ ಹಾರಿದ ವಿಮಾನದ ಮೈಮೇಲೆ ಆ ಬದುಕಿನ ಬಣ್ಣ ಉಳಿಯಲಿಲ್ಲ. ಮಾಲೀಕರು ಈ ಪೂರ್ವಕಥೆಯನ್ನು ಮುಚ್ಚಿಟ್ಟಿಲ್ಲ ಎಂಬುದು ಅವರ ಪ್ರಾಮಾಣಿಕತೆ. ಆದರೆ ಮೈದಾನದಲ್ಲಿ ನಿಂತು ನೋಡುವ ಮಗುವಿಗೆ ಕಾಣುವುದು ಬಣ್ಣವೇ ಹೊರತು ಕಡತವಲ್ಲ.

ಬೆರಳು ತೋರಿಸುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಾರ್ಥ, ಗುಜರಿ ಸೇರಿದ್ದ ಒಂದು ಡಕೋಟಾವನ್ನು ಬ್ರಿಟನ್ನಿನಲ್ಲಿ ಸರಿಪಡಿಸಿ ವಾಯುಪಡೆಗೆ ಕೊಡುಗೆಯಾಗಿ ನೀಡಿದರು. ‘ಪರಶುರಾಮ’ ಎಂಬ ಹೆಸರಿನ ಅದು 2018ರಲ್ಲಿ ಭಾರತಕ್ಕೆ ಬಂತು. ಅದಕ್ಕೆ ವಿಪಿ 905 ಎಂಬ ಸಂಖ್ಯೆ ಕೊಡಲಾಯಿತು. ಇದು 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ ಸಂಖ್ಯೆ. ಗೌರವಕ್ಕಾಗಿ ಹಿರಿಯರ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿಯೂ ರೂಢಿ. ಹಾಗೆಂದು ಮೊಮ್ಮಗನನ್ನೇ ಅಜ್ಜ ಎಂದು ಪರಿಚಯಿಸಿದರೆ? ವಾಯುಪಡೆ ಸಂಖ್ಯೆ ಕೊಟ್ಟದ್ದು ಗೌರವಾರ್ಥವೆಂದೇ ಹೇಳಿತ್ತು. ಆ ಮಾತು ಕಾಲಕ್ರಮದಲ್ಲಿ ಉದುರಿಹೋಗಿ, ಇದೇ ಆ ವಿಮಾನ ಎಂಬ ನಂಬಿಕೆ ಉಳಿಯದಂತೆ ನೋಡಿಕೊಳ್ಳುವುದು ಮುಂದಿನವರ ಹೊಣೆ. ಸನದಿನ ಕೊಂಡಿ ಕಳಚುವುದು ಹೆಚ್ಚಾಗಿ ದುರುದ್ದೇಶದಿಂದಲ್ಲ, ಉದಾಸೀನದಿಂದ.

ಮೂಡುಬಿದಿರೆಯವರಿಗೆ ಇದು ಹೊಸ ವಿಚಾರವಲ್ಲ. ಜೈನರ ಧವಲಾ, ಜಯಧವಲಾ ಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಅಲ್ಲಿನ ಬಸದಿಯಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಅವು ಮುದ್ರಣಗೊಂಡಾಗ ಪಾಠವನ್ನು ಮೂಲಕ್ಕೆ ಹೋಲಿಸಿ ತಿದ್ದಲು ಸಾಧ್ಯವಾದುದು ಆ ಗರಿಗಳು ಇದ್ದುದರಿಂದ. ಒಳ್ಳೆಯ ಸಂಪಾದಕ ಹುಳು ತಿಂದ ಜಾಗದಲ್ಲಿ ಚುಕ್ಕಿ ಇಡುತ್ತಾನೆ, ತನ್ನ ಮಾತನ್ನು ತುಂಬುವುದಿಲ್ಲ. ವಿಮಾನ ಸರಿಪಡಿಸುವವನೂ ಯಾವ ತಗಡು ಹಳೆಯದು, ಯಾವುದು ತಾನು ಹಾಕಿದ್ದು ಎಂದು ಬರೆದಿಡಬೇಕು. ಗುಂಡು ತೂರಿದ ರಂಧ್ರಕ್ಕೆ ಬಣ್ಣ ಬಳಿಯುವ ಮೊದಲು ಎರಡು ಸಲ ಯೋಚಿಸಬೇಕು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಮುಂದಿದೆ. ವಿಮಾನದ ಚರಿತ್ರೆ ಅದರೊಳಗೆ ಕುಳಿತವರದು ಮಾತ್ರವೇ? ಕೆಳಗೆ ನಿಂತವರದೂ ಅಲ್ಲವೇ? ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ ‘ಇನೋಲಾ ಗೇ’ ವಿಮಾನವನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಸುಮಾರು 3 ಲಕ್ಷ ಗಂಟೆಗಳ ಕೆಲಸದಿಂದ ಜೀರ್ಣೋದ್ಧಾರ ಮಾಡಿತು. ಆದರೆ 1995ರಲ್ಲಿ ಅದರ ಜೊತೆ ಸತ್ತವರ ಕಥೆಯನ್ನೂ ಹೇಳುವ ಪ್ರದರ್ಶನಕ್ಕೆ ಹೊರಟಾಗ ಮಾಜಿ ಸೈನಿಕರ ಸಂಘಟನೆಗಳೂ ರಾಜಕಾರಣಿಗಳೂ ವಿರೋಧಿಸಿದರು. ಆ ಯೋಜನೆ ರದ್ದಾಯಿತು, ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ನೀಡಿದರು. ಲೋಹಕ್ಕೆ ಲಕ್ಷಾಂತರ ಗಂಟೆ ಸಿಕ್ಕಿತು, ಮಡಿದವರಿಗೆ ಕೆಲವು ಫಲಕಗಳ ಜಾಗವೂ ಸಿಗಲಿಲ್ಲ! ನಮ್ಮಲ್ಲಿ 1966ರ ಮಾರ್ಚ್‌ನಲ್ಲಿ ಮಿಜೋ ದಂಗೆಯ ಸಂದರ್ಭದಲ್ಲಿ ನಮ್ಮದೇ ಐಜಾಲ್ ಪಟ್ಟಣದ ಮೇಲೆ ವಾಯುಪಡೆಯ ತೂಫಾನಿ ಮತ್ತು ಹಂಟರ್ ವಿಮಾನಗಳು ದಾಳಿ ನಡೆಸಿದವು. ತೂಫಾನಿಯ ಚರಿತ್ರೆ ಬರೆಯುವವನು ಆ ಪುಟವನ್ನು ಹರಿದು ಹಾಕಬಹುದೇ? ಬೆಂಗಳೂರಿನಲ್ಲಿ ರೂಪುಗೊಂಡು 1961ರಲ್ಲಿ ಹಾರಿದ ಮಾರುತ್ ನಮ್ಮ ಹೆಮ್ಮೆ. ಅದನ್ನು ವಿನ್ಯಾಸಗೊಳಿಸಿದ ಕುರ್ಟ್ ಟ್ಯಾಂಕ್ ಹಿಂದೆ ಹಿಟ್ಲರನ ಜರ್ಮನಿಗೆ ಯುದ್ಧವಿಮಾನ ಮಾಡಿಕೊಟ್ಟವರು. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರಲ್ಲಿ ಅದೇ ಮಾದರಿಯ ಪರೀಕ್ಷೆಯಲ್ಲಿ ಪ್ರಾಣ ತೆತ್ತರು. ಇವೆಲ್ಲವೂ ಸೇರಿದಾಗಲೇ ಚರಿತ್ರೆ. ಸಾಕ್ಷ್ಯವು ತನಗೇ, ತನ್ನ ಹೆತ್ತವರಿಗೇ ಪ್ರತಿಕೂಲವಾದರೂ ನ್ಯಾಯದ ಪರ ನಿಲ್ಲಬೇಕೆಂಬುದು ಕುರ್‌ಆನ್ ವಿಶ್ವಾಸಿಗಳಿಗೆ ಕಲಿಸಿದ ಪಾಠ. ದೇಶಪ್ರೇಮಕ್ಕೆ ಇದರಿಂದ ಕುಂದಿಲ್ಲ.

ಹಾಗಾದರೆ ಇವನ್ನೆಲ್ಲ ಕರಗಿಸಿಬಿಡಬಾರದೇಕೆ ಎಂದು ಶಾಂತಿಪ್ರಿಯರು ಕೇಳಬಹುದು. ಕರಗಿಸಿದರೆ ಸಾಕ್ಷ್ಯವೂ ಕರಗುತ್ತದೆ. ಇದರ ಬೆಲೆ ನಮ್ಮ ಜಿಲ್ಲೆಗೇ ಗೊತ್ತು. 2016ರ ಜುಲೈ 22ರಂದು ಚೆನ್ನೈ ಸಮೀಪದ ತಾಂಬರಮ್‌ನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಮಂದಿಯೊಂದಿಗೆ ಬಂಗಾಳಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅವರಲ್ಲಿ ಬೆಳ್ತಂಗಡಿ ತಾಲೂಕಿನವರೂ ಇದ್ದರು. ಏಳೂವರೆ ವರ್ಷಗಳ ಬಳಿಕ, 2024ರ ಜನವರಿಯಲ್ಲಿ, ಸಮುದ್ರದ 3,400 ಮೀಟರ್ ಆಳದಲ್ಲಿ ತೆಗೆದ ಚಿತ್ರಗಳಲ್ಲಿ ಎಎನ್-32ಕ್ಕೆ ಹೊಂದುವ ಅವಶೇಷಗಳು ಕಂಡವು ಎಂದು ಸರಕಾರ ತಿಳಿಸಿತು. ಮಯ್ಯಿತ್ ಸಿಗದ, ಮಣ್ಣು ಮಾಡಲಾಗದ, ಚಿತೆಗೆ ಕೊಳ್ಳಿ ಇಡಲಾಗದ ಮನೆಯವರಿಗೆ ಒಂದು ಲೋಹದ ತುಂಡು ಏನೆಂದು ತಿಳಿಯಬೇಕಾದರೆ ಅಂತಹ ಮನೆಯಲ್ಲಿ ಬದುಕಿರಬೇಕು. ಹುಡುಕುವವರ ಶ್ರಮಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ನಮ್ಮ ಸಮುದಾಯದ ಅನೇಕರು ಗುಜರಿ ವ್ಯಾಪಾರದಿಂದ ಬದುಕು ಕಟ್ಟಿಕೊಂಡವರು. ಮಾಜಿ ಸೈನಿಕರ ಮನೆಗಳೂ ವಿಮಾನ ಕಾರ್ಖಾನೆಯಲ್ಲಿ ದುಡಿದವರ ಮನೆಗಳೂ ಎಲ್ಲ ಸಮುದಾಯಗಳಲ್ಲಿವೆ. ತೂಕಕ್ಕೆ ಬಂದ ಸಾಮಾನಿನಲ್ಲಿ ಸಂಖ್ಯೆ ಕೆತ್ತಿದ ಒಂದು ಫಲಕವಿದ್ದರೆ, ಹಳೆಯ ಪೆಟ್ಟಿಗೆಯಲ್ಲಿ ಒಂದು ದಿನಚರಿಯಿದ್ದರೆ, ಕುಲುಮೆಗೋ ರದ್ದಿಗೋ ಕಳಿಸುವ ಮೊದಲು ಒಂದು ಕ್ಷಣ ನಿಲ್ಲೋಣ. ಎಲ್ಲಿಂದ ಬಂತು, ಯಾರದಾಗಿತ್ತು ಎಂದು ಕೇಳಿ ಒಂದು ಕಾಗದದಲ್ಲಿ ಬರೆದಿಡೋಣ. ಕೈಗೆ ಬಂದ ವಸ್ತು ನಮ್ಮದಾಗಬಹುದು, ಅದರ ಚರಿತ್ರೆ ಮಾತ್ರ ಅಮಾನತ್ತು. ಅಮಾನತ್ತನ್ನು ಬಣ್ಣ ಹಚ್ಚದೆ ಹಕ್ಕುದಾರರಿಗೆ ಮುಟ್ಟಿಸಬೇಕು. ಆ ಹಕ್ಕುದಾರರಲ್ಲಿ ಹಾರಿದವರೂ ಇದ್ದಾರೆ, ದುರಸ್ತಿ ಮಾಡಿದವರೂ ಇದ್ದಾರೆ, ಬಾಂಬಿನ ಕೆಳಗೆ ಸತ್ತವರೂ ಇದ್ದಾರೆ.